ಕಂಬಳಿಯ ಸಾಲು

ಹೊಳೆದಂಡೆಯ ಆಶ್ರಮವೊಂದರಲ್ಲಿ ದಿಕ್ಕಿಲ್ಲದ ಮುದುಕರನ್ನು ಸಾಕುತ್ತಿದ್ದರು. ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಆಡಳಿತವೆಲ್ಲ ಶಿಷ್ಯ ಈರಯ್ಯನದು. ಖರ್ಚಿನಲ್ಲಿ ಅವನ ಕೈ ಬಲು ಬಿಗಿ. ಆ ಬಿಗಿಯನ್ನೇ ಅವನು ವೈರಾಗ್ಯ ಎಂದುಕೊಂಡಿದ್ದ.

ಚಳಿಗಾಲದಲ್ಲಿ ಬಡವರಿಗೆ ಕಂಬಳಿ ಹಂಚುವುದು ಅಲ್ಲಿನ ರೂಢಿ. ಆ ಸಲ ಸಾಲಿನಲ್ಲಿ ಒಬ್ಬ ಹೆಂಗಸು ಮುಖ ಕಾಣದಂತೆ ಸೆರಗು ಹೊದ್ದು ನಿಂತಿದ್ದಳು. ಕೈ ಚಾಚಿದಾಗ ಈರಯ್ಯನಿಗೆ ಗುರುತು ಸಿಕ್ಕಿತು. ಆಶ್ರಮದಲ್ಲೇ ಮುದುಕರ ಮೈ ತೊಳೆಯುವ ಫಕೀರವ್ವ!

"ನೀ ಯಾಕ ಇಲ್ಲಿ ನಿಂತಿ? ಇದು ಬಡವರಿಗೆ. ನೀ ಆಶ್ರಮದಾಕಿ."

"ಮನ್ಯಾಗ ನಮ್ಮವ್ವ ಥಂಡಿಗೆ ನಡಗಾಕತ್ತಾಳ್ರಿ, ಅಯ್ಯಾರ."

"ನಾಚಿಕಿ ಬರಂಗಿಲ್ಲೇನು ನಿನಗ?"

ಸಾಲಿನವರೆಲ್ಲ ತಿರುಗಿ ನೋಡಿದರು. ಫಕೀರವ್ವ ಚಾಚಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಮುದುಕರ ಕೋಣೆಗೆ ಹೋದಳು. ಅವಳ ಕೆಲಸ ಇನ್ನೂ ಮುಗಿದಿರಲಿಲ್ಲ.

ಈರಯ್ಯ ನೆಟ್ಟಗೆ ಗುರುಗಳ ಬಳಿ ಬಂದು ದೂರು ಹೇಳಿದ.

ಅಂದು ಸಂಜೆ ದಾನಿಗಳ ಸನ್ಮಾನವಿತ್ತು. ಅದಕ್ಕೆಂದು ತಂದಿಟ್ಟ ಹಾರಗಳಲ್ಲಿ ದೊಡ್ಡದನ್ನು ಎತ್ತಿ ಅಜ್ಜಾರು ಶಿಷ್ಯನ ಕೈಗಿಟ್ಟರು.

"ಇದನ್ನ ಫಕೀರವ್ವಗ ಹಾಕಿ ಬಾ, ತಮ್ಮಾ. ನಮ್ಮ ದೊಡ್ಡ ದಾನಿ ಆಕಿ."

"ಆಕಿ ಏನ ಕೊಟ್ಟಾಳ್ರಿ, ಅಜ್ಜಾರ?"

"ಪ್ಯಾಟಿ ದವಾಖಾನ್ಯಾಗ ಇದಽ ಕೆಲಸಕ್ಕ ಏನ ಕೊಡ್ತಾರ?"

"ನಮ್ಮ ಮೂರುಪಟ್ಟು ಕೊಡ್ತಾರ್ರಿ. ಜಡ್ಡಾದ್ರ ಔಷಧಾನೂ ಅವರಽ ನೋಡ್ತಾರ. ಆದ್ರ ಅದು ಪಗಾರ, ನಮ್ಮದು ಸೇವಾ. ಸೇವಾಕ್ಕ ಬೆಲೆ ಕಟ್ಟಬಾರದು ಅಂತ ನೀವಽ ಹೇಳಿದ್ರಿ."

"ಹೇಳಿದ್ದೆ." ಅಜ್ಜಾರು ತಲೆ ತಗ್ಗಿಸಿದರು. "ನನಗೂ ನಿನಗೂ ಇಲ್ಲೇ ಊಟ, ಇಲ್ಲೇ ಹೊದಿಕಿ. ಹೊಟ್ಟಿ ತುಂಬಿದ ಮಾತು ಅದು. ಆಕಿ ಎರಡು ಪಾಲು ಬಿಟ್ಟುಕೊಟ್ಟು ಇಷ್ಟು ವರ್ಷ ದುಡದಾಳಲ್ಲ, ಅದು ದಾನ ಅಲ್ಲೇನು?"

"ಆಕಿ ಎಲ್ಲಿ ಬಿಟ್ಟುಕೊಟ್ಟಾಳ್ರಿ? ನಾವಽ ಕೊಡಲಿಲ್ಲ..."

ಮಾತು ಬಾಯಿಂದ ಬಿದ್ದ ಮೇಲೆ ಈರಯ್ಯನಿಗೆ ಅದು ಕೇಳಿಸಿತು. ನಾಚಿಕೆ ಇಲ್ಲವೇ ಎಂದು ನಾಲ್ಕು ಜನರ ಮುಂದೆ ಗದರಿದವನು ತಾನೇ. ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು ಅವನಿಗೆ.

ಅಜ್ಜಾರು ಹಾರವನ್ನು ಹಿಂದಕ್ಕೆ ತೆಗೆದುಕೊಂಡರು. "ಹಂಗಾದ್ರ ಇದು ಬ್ಯಾಡ. ಹಾರ ಹಾಕಿ ಬಾಯಿ ಮುಚ್ಚಿಸಿದಂಗ ಆಗತೈತಿ."

"ಕಂಬಳಿ ಒಯ್ದು ಕೊಡ್ಲೇನ್ರಿ?"

"ಆಕಿದು ಆಕಿಗೆ ಕೊಡು. ಕಂಬಳಿ ಆಕೀನಽ ಕೊಳ್ತಾಳ. ಇವತ್ತಿನಿಂದ ಪ್ಯಾಟಿಯವರು ಕೊಟ್ಟಷ್ಟು ಪಗಾರ. ಜಡ್ಡಾದ್ರ ಔಷಧಾನೂ ನಮ್ಮದು."

"ಅಷ್ಟು ರೊಕ್ಕ ಎಲ್ಲಿಂದ ತರೋದ್ರಿ?"

"ಕಂಬಳಿಗೆ ಎಲ್ಲಿಂದ ತಂದಿ?"

ಈರಯ್ಯ ಎದ್ದು ಬಾಗಿಲವರೆಗೆ ಹೋದವನು ಅಲ್ಲೇ ನಿಂತ.

"ಆಕೀ ಮುಂದ ಹ್ಯಾಂಗ ಹೋಗಲ್ರಿ, ಅಜ್ಜಾರ? ಮುಖಾ ತೋರಸಾಕ ಆಗವಲ್ದು."

ಅಜ್ಜಾರು ಕಾವಿಯ ಸೆರಗನ್ನು ತಮ್ಮ ತಲೆಯ ಮೇಲೆ ಎಳೆದುಕೊಂಡು, ಬಂದು ಅವನ ಹಿಂದೆ ನಿಂತರು.

"ನಡಿ. ಆಕಿ ಮುಖಾ ಮುಚ್ಚಿಕೊಂಡು ನಮ್ಮ ಮುಂದ ಸಾಲಿನ್ಯಾಗ ನಿಂತಳು. ಇನ್ನ ನಮ್ಮ ಸರತಿ."