ಪೊಟ್ಟಣದ ಬೆನ್ನು

ಸಕ್ಕರೆ ಕಾಯಿಲೆಯಿದ್ದ ಸಾಕಜ್ಜಿ ಎಂಬ ಇಲಿ ಅಂಗಡಿಯ ಕಪಾಟು ಹತ್ತಿದಾಗ, ಮುಖದ ತುಂಬ ರಾಗಿ ತೆನೆಯ ಚಿತ್ರ ಹೊತ್ತ ಬಿಸ್ಕತ್ತಿನ ಪೊಟ್ಟಣ, "ಬನ್ನಿ ಅಜ್ಜಿ, ನಾನು ನಿಮ್ಮಂಥವರಿಗೆಂದೇ ಹುಟ್ಟಿದ ರಾಗಿ ಬಿಸ್ಕತ್ತು" ಎಂದು ಕರೆಯಿತು.

"ಸ್ವಲ್ಪ ಬೆನ್ನು ತೋರಿಸಪ್ಪ."

"ಮುಖ ನೋಡಿದರೆ ಸಾಲದೇ ಅಜ್ಜಿ?"

"ಮುಖ ನೋಡಿ ನಂಬಿದ ನಮ್ಮವರೆಲ್ಲ ಬೆಕ್ಕಿನ ಹೊಟ್ಟೆ ಸೇರಿದರು" ಎನ್ನುತ್ತ ಅಜ್ಜಿ ತಾನೇ ಅದನ್ನು ತಿರುಗಿಸಿ, ಸಾಮಗ್ರಿ ಪಟ್ಟಿಯ ಸಣ್ಣಕ್ಷರಗಳಿಗೆ ಮೀಸೆ ತಾಗಿಸಿ ಓದಿದಳು. ಹೆಚ್ಚು ಹಾಕಿದ್ದನ್ನು ಮೊದಲು ಬರೆಯುತ್ತಾರೆ, ಕಡಿಮೆ ಹಾಕಿದ್ದನ್ನು ಕೊನೆಗೆ ಎಂಬುದು ಆಕೆಗೆ ಗೊತ್ತಿತ್ತು. ಅಲ್ಲಿ ಮೊದಲು ಮೈದಾ, ಆಮೇಲೆ ಸಕ್ಕರೆ, ಎಲ್ಲಕ್ಕೂ ಕೊನೆಗೆ ರಾಗಿ.

"ಆದರೂ ರಾಗಿ ಇದೆಯಲ್ಲ" ಎಂದು ಪೊಟ್ಟಣ ತಡವರಿಸಿತು.

ಹುರಿಗಡಲೆ ಡಬ್ಬಿಯ ಕಡೆ ಹೊರಟ ಸಾಕಜ್ಜಿ ನಕ್ಕಳು. "ಇದೆ ಕಣಪ್ಪ. ಬೆಕ್ಕಿನಲ್ಲೂ ಕರುಣೆ ಇರುತ್ತದೆ. ಅದೂ ಪಟ್ಟಿಯ ಕೊನೆಯಲ್ಲೇ."