ಸೌದೆಯವನ ಬಾಯಿಪಾಠ

"ಗುರುಗಳೇ, ಒಬ್ಬರ ಜೀವ ಉಳಿಸಲು ಹೇಳಿದ ಸುಳ್ಳೂ ಪಾಪವೇ?" ಎಂದು ಶಿಷ್ಯ ಕೇಳಿದ.

ಅವನು ಹಿಂದಿನ ದಿನವಷ್ಟೇ ಊರಿನಿಂದ ಬಂದಿದ್ದ. ಹೊಳೆಯ ಪಾಲಾದ ಅಣ್ಣನ ಸಂಸ್ಕಾರ ಮುಗಿಸಿ, ಹಾಸಿಗೆ ಹಿಡಿದ ತಾಯಿಗೆ ಮಾತ್ರ, ಅಣ್ಣ ಯಾತ್ರೆಗೆ ಹೋಗಿದ್ದಾನೆ, ಬೇಗ ಬರುತ್ತಾನೆ ಎಂದು ಹೇಳಿ ಬಂದಿದ್ದ. ಇದು ಗುರುಗಳಿಗೆ ಗೊತ್ತಿತ್ತು. ಅವರು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ರಷ್ಯಾ ದೇಶದಲ್ಲಿ ಒಬ್ಬ ಕವಯಿತ್ರಿ ಇದ್ದಳು. ಆಳುವವನಿಗೆ ಕವಿತೆಯೆಂದರೆ ಮೈಯೆಲ್ಲ ಉರಿ. ಬರೆದ ಹಾಳೆ ಸಿಕ್ಕರೆ ಸೆರೆಮನೆ ಖಂಡಿತ. ಅದಕ್ಕೆ ಅಲ್ಲಿಯ ಕವಿಗಳು ಒಂದು ರೂಢಿ ಮಾಡಿಕೊಂಡಿದ್ದರು. ನಂಬಿಕೆಯ ಒಬ್ಬರಿಗೆ ಪಿಸುಮಾತಿನಲ್ಲಿ ಬಾಯಿಪಾಠ ಮಾಡಿಸಿ ಹಾಳೆಯನ್ನು ಒಲೆಗೆ ಹಾಕುವುದು. ಈಕೆ ನಂಬಿದ್ದು ತಾನು ವಾಸವಿದ್ದ ಕಟ್ಟಡದ ಒಲೆಗಳಿಗೆ ಸೌದೆ ಹಾಕುವವನನ್ನು. ಪೊಲೀಸರು ಬೇಹಿಗೆ ಇಟ್ಟದ್ದೂ ಅವನನ್ನೇ. ಕೇಳಿದ್ದನ್ನೆಲ್ಲ ಠಾಣೆಗೆ ಹೋಗಿ ಒಪ್ಪಿಸದಿದ್ದರೆ ಅವನ ಹೆಂಡತಿ ಮಕ್ಕಳಿಗೆ ಉಳಿಗಾಲವಿರಲಿಲ್ಲ.

ಆಕೆಯ ಮಗ ಸೆರೆಯಲ್ಲಿ ಸತ್ತ. ಸರ್ಕಾರ ಜ್ವರ ಎಂದಿತು. ಅವನ ಜೊತೆಗಿದ್ದ ಕೈದಿಯೊಬ್ಬ ಬಿಡುಗಡೆಯಾಗಿ ಬಂದು, ನಡೆದದ್ದನ್ನು ತಾಯಿಗೆ ಹೇಳಿ, ತಾನೂ ತೀರಿಕೊಂಡ. ಆಕೆ ಅದನ್ನೇ ಕವಿತೆ ಮಾಡಿ ಸೌದೆಯವನಿಗೆ ಕಲಿಸಿ, ಹಾಳೆ ಸುಟ್ಟಳು.

ಅವನಿಗೆ ಅತ್ತ ದರಿ ಇತ್ತ ಪುಲಿ. ಇದ್ದದ್ದನ್ನು ಇದ್ದಂತೆ ಒಪ್ಪಿಸಿದರೆ ಆಕೆ ಉಳಿಯುವುದಿಲ್ಲ. ಒಪ್ಪಿಸದಿದ್ದರೆ ತನ್ನ ಮನೆ ಉಳಿಯುವುದಿಲ್ಲ. ಕೊನೆಗೆ, ಮಗ ಹೇಗೆ ಸತ್ತ ಎಂಬ ಸಾಲನ್ನು ತೆಗೆದು ಅಲ್ಲಿ ಜ್ವರವನ್ನು ಸೇರಿಸಿದ. ಠಾಣೆಯಲ್ಲಿ ಎಲ್ಲಿ ನಾಲಿಗೆ ಜಾರೀತೋ ಎಂದು ಹೆದರಿ, ಸೌದೆ ಒಡೆಯುವಾಗ, ಬೂದಿ ಬಾಚುವಾಗ ಅದನ್ನೇ ಹೇಳಿಕೊಂಡ. ಅಧಿಕಾರಿ ಮತ್ತೆ ಮತ್ತೆ ಕರೆಸಿ ಕೇಳಿದ. ಪ್ರತಿ ಸಲವೂ ಜ್ವರವೇ ಬಂತು. ಸರ್ಕಾರದ ಮಾತನ್ನೇ ಹೇಳುವ ಕವಿತೆ, ಅಪಾಯವಿಲ್ಲ ಎಂದು ಆಕೆಯನ್ನು ಬಿಟ್ಟುಬಿಟ್ಟರು. ಸೌದೆಯವನಿಗೆ ಸಂತೋಷವಾಯಿತು, ಒಳಗೊಳಗೇ ಹೆಮ್ಮೆಯೂ ಆಯಿತು.

ಕಾಲ ಸರಿಯಿತು. ಆಳುವವನು ಹೋದ. ಆಕೆಯ ಬಾಳಿನ ಚಿತ್ರ ತೆಗೆಯಲು ಜನ ಕ್ಯಾಮೆರಾ ಹೊತ್ತು ಬಂದು ಆ ಕವಿತೆ ಕೇಳಿದರು. ಮುಪ್ಪಿನಲ್ಲಿ ಆಕೆಗೆ ಮರೆವು ಹಿಡಿದಿತ್ತು. ಅದು ಇವನ ಹತ್ತಿರ ಇದೆ ಎಂದು ಸೌದೆಯವನನ್ನು ತೋರಿಸಿದಳು. ಅವನು ಎದೆಯುಬ್ಬಿಸಿ ನಿಂತು ಒಪ್ಪಿಸಿದ. ಆಕೆ ಅಲ್ಲ ಎಂದು ತಲೆಯಾಡಿಸಿದಳು.

"ನನ್ನ ಮಗ ಜ್ವರದಿಂದ ಸಾಯಲಿಲ್ಲಪ್ಪ. ಅಷ್ಟು ಗೊತ್ತು. ಹೇಗೆ ಸತ್ತ, ನೀನು ಹೇಳು."

ಅವನು ಮತ್ತೆ ಮೊದಲಿನಿಂದ ಶುರು ಮಾಡಿದ. ಆ ಜಾಗಕ್ಕೆ ಬಂದಾಗ ಜ್ವರವೇ ಬಂತು. ಕಣ್ಣು ಮುಚ್ಚಿ ಹುಡುಕಿದ. ಅಲ್ಲಿ ಬೇರೇನೂ ಇರಲಿಲ್ಲ. ತಾನು ಈಕೆಯನ್ನು ಉಳಿಸಿದೆನೋ, ಈಕೆಯ ಮಗನನ್ನು ಇನ್ನೊಮ್ಮೆ ಹೂತೆನೋ, ಅವನಿಗೆ ತಿಳಿಯಲಿಲ್ಲ. ಆಕೆ ಅವನ ಬಾಯನ್ನೇ ನೋಡುತ್ತ ಕುಳಿತಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಲೆಬುಡ ತಿಳಿಯಲಿಲ್ಲ. ಹಾಗಾದರೆ ಅವನು ನಿಜ ಹೇಳಿ ಆಕೆಯನ್ನು ಸಾಯಲು ಬಿಡಬೇಕಿತ್ತೇ ಎಂದು ಕೇಳಿದ. ಅದು ತಮಗೂ ಬಗೆಹರಿದಿಲ್ಲ ಎಂದರು ಗುರುಗಳು. ಆಮೇಲೆ, ಮನೆಯ ಕ್ಷೇಮ ವಿಚಾರಿಸುವವರಂತೆ ಕೇಳಿದರು:

"ಅದಿರಲಿ, ನಿಮ್ಮಣ್ಣ ಯಾವಾಗ ಬರುತ್ತಾನೆ?"