ಸಾಕು ಎನ್ನದೆ ಹೋದವನು

"ಬುದ್ಧಿ, ಕರೆದವನು ಬಿಡಲಿಲ್ಲ, ಬಂದವನು ನಿಲ್ಲಲಿಲ್ಲ. ಇದರಲ್ಲಿ ತಪ್ಪು ಯಾರದು?" ಎಂದು ಕೊಟ್ರೇಶ ಕೇಳಿದ.

ಗುರುಗಳು ಜಗುಲಿಯ ಮೇಲೆ ಕುಳಿತಿದ್ದರು. "ಯಾರು ಯಾರನ್ನ ಕರೆದದ್ದು? ಬಿಡಿಸಿ ಹೇಳು" ಎಂದರು.

ಕೊಟ್ರೇಶ ಮಠದ ಶಿಷ್ಯ. ಮೊಬೈಲಿಗೆ ಆಪ್ ಮಾಡುವುದು ಅವನ ಕಸುಬು. ಕಣ್ಣು ಕಾಣದ ಭಕ್ತರಿಗೆಂದು ಮಠದ ಪ್ರವಚನಗಳನ್ನು ಓದಿ ಹೇಳುವ ಆಪ್ ಒಂದನ್ನು ಮಾಡಿಕೊಟ್ಟಿದ್ದ. ಆದರೆ ಓದುವ ದನಿ ಅವನ ಆಪಿನದಲ್ಲ, ಅದೇ ಮೊಬೈಲಿನಲ್ಲಿರುವ ಇನ್ನೊಂದು ಆಪಿನದು. ಆ ಆಪ್ ತೆರೆಯ ಮೇಲೆ ಕಾಣುವುದಿಲ್ಲ. ಹಿಂದೆಯೇ ಇದ್ದು, ಕರೆದವರಿಗೆ ಓದಿಕೊಡುತ್ತದೆ. ಅದನ್ನು ಮಾಡಿದವನು ಮರುಳಸಿದ್ಧ, ಕೊಟ್ರೇಶನ ಜೊತೆಯಲ್ಲೇ ಮಠದಲ್ಲಿ ಓದಿದವನು.

ಕೆಲವು ದಿನಗಳಿಂದ ಭಕ್ತರ ಮೊಬೈಲುಗಳು ಸುಮ್ಮನೆ ಇಟ್ಟಲ್ಲೇ ಬಿಸಿಯಾಗತೊಡಗಿದ್ದವು. ಮಧ್ಯಾಹ್ನಕ್ಕೆಲ್ಲ ಚಾರ್ಜು ಮುಗಿಯುತ್ತಿತ್ತು. ಯಾವುದು ತಿನ್ನುತ್ತಿದೆ ಎಂದು ಮನೆಯವರು ತೆಗೆದು ನೋಡಿದರೆ ಮರುಳಸಿದ್ಧನ ಆಪಿನ ಹೆಸರೇ ಮೇಲೆ ಇತ್ತು. ಊಟದ ಪಂಕ್ತಿಯಲ್ಲಿ ಒಬ್ಬರು, "ಏನಯ್ಯಾ ಮರುಳಸಿದ್ಧ, ನಿನ್ನ ಆಪು ಓದೋದು ಒಂದು ಮಾತು, ಉಣ್ಣೋದು ಊರಿನ ಕರೆಂಟು" ಎಂದರು. ಪಂಕ್ತಿಯೆಲ್ಲ ನಕ್ಕಿತು. ಮರುಳಸಿದ್ಧ ಎಲೆ ಬಿಟ್ಟು ಎದ್ದ. ತನ್ನ ಆಪನ್ನು ಯಾರಿಗೂ ಸಿಗದಂತೆ ಹಿಂದಕ್ಕೆ ತೆಗೆದುಕೊಂಡ. ಅಂದಿನಿಂದ ಮಠಕ್ಕೂ ಬಂದಿರಲಿಲ್ಲ.

ಇದೆಲ್ಲ ಗುರುಗಳಿಗೆ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಕೊಟ್ರೇಶ ಯಾರದೋ ಕತೆಯೆಂಬಂತೆ ಹೇಳಿದ.

"ಒಂದು ಆಪು ಇನ್ನೊಂದನ್ನ ಕರೀತದೆ ಬುದ್ಧಿ. ಅದು ಬಂದೆ ಅಂತ ಓಗೊಡ್ತದೆ. ಅಲ್ಲಿಗೆ ಇವೆರಡರ ನಡುವೆ ಹಗ್ಗ ಕಟ್ಟಿದ ಹಾಗೆ. ಕೆಲಸ ಮುಗಿದ ಮೇಲೆ ಕರೆದವನೇ ಬಿಟ್ಟೆ ಅಂತ ಹೇಳಬೇಕು. ಹೇಳದೆ ತನ್ನ ಬಾಗಿಲು ಮುಚ್ಕೊಂಡ್ರೆ ಅದಕ್ಕೆ ಗೊತ್ತಾಗಲ್ಲ. ದುಡೀತಾನೇ ಇರ್ತದೆ. ಆದ್ರೂ ಅದನ್ನ ಮಾಡಿದವನು ಸ್ವಲ್ಪ ಯೋಚನೆ ಮಾಡಬಹುದಿತ್ತು. ಇಷ್ಟು ಹೊತ್ತಾಯ್ತು, ಇನ್ನು ನಿಲ್ಲೋಣ ಅಂತ ಅದು ತಾನೇ ನಿಲ್ಲೋ ಹಾಗೆ ಮಾಡಬಹುದಿತ್ತಲ್ಲ?"

ಬಿಟ್ಟೆ ಎಂದು ಹೇಳದಿದ್ದ ಆಪ್ ತನ್ನದೇ ಎಂಬುದು ಹಿಂದಿನ ವಾರವೇ ಅವನ ಕಣ್ಣಿಗೆ ಬಿದ್ದಿತ್ತು. ಆಪಿನ ಬರಹದಲ್ಲಿ ಬಿಟ್ಟುಹೋಗಿದ್ದ ಆ ಒಂದು ಸಾಲನ್ನು ಸೇರಿಸಿದ್ದ. ಯಾರಿಗೂ ಹೇಳಿರಲಿಲ್ಲ. ಗುರುಗಳಿಗೂ ಈಗ ಹೇಳಲಿಲ್ಲ.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಅವನಿಗೆ ಈರುಳ್ಳಿ ಹೊಲವಿತ್ತು, ಬಾವಿ ಇರಲಿಲ್ಲ. ದಿಬ್ಬದ ಆಚೆ ಇನ್ನೊಬ್ಬನ ಬಾವಿ ಇತ್ತು. ಆ ಬಾವಿಯವನು ಎತ್ತು ಕಟ್ಟಿ ಕಪಿಲೆ ಹೊಡೆದು, ತೊಗಲಿನ ಚೀಲದಲ್ಲಿ ನೀರು ಸೇದಿ ಕಾಲುವೆಗೆ ಬಿಡುತ್ತಿದ್ದ. ಕೇಳಿದವರಿಗೆ ಇಲ್ಲವೆಂದವನಲ್ಲ.

ಅದಕ್ಕೆ ಒಂದು ಪದ್ಧತಿ ಇತ್ತು. ನೀರು ಬೇಕಾದವನು ಬೆಳಿಗ್ಗೆ ಹೋಗಿ ಕೇಳಬೇಕು. ಬಾವಿಯವನು ಎತ್ತು ಹೂಡಿ ಹಾಡು ಎತ್ತುತ್ತಾನೆ. ಹಾಡು ಕೇಳಿದ ಮೇಲೆ ಕೆಳಗಿನವನು ಕಾಲುವೆಯ ಬಾಯಿ ಬಿಡಿಸಬೇಕು. ಹೊಲ ತಣಿದ ಮೇಲೆ ಬದುವಿನ ಮೇಲೆ ನಿಂತು, "ಸಾಕು ಕಣಣ್ಣೋ" ಎಂದು ಕೂಗಬೇಕು. ಬಾವಿಯವನಿಗೆ ದಿಬ್ಬದಾಚೆಯ ಹೊಲ ಕಾಣುವುದಿಲ್ಲ. ಆ ಕೂಗೇ ಅವನ ಕಣ್ಣು. ಇಬ್ಬರು ನೀರು ಕೇಳಿದ್ದರೆ ಇಬ್ಬರೂ ಕೂಗಬೇಕು. ಒಬ್ಬನದು ಬಾಕಿ ಇದ್ದರೂ ಅವನು ಎತ್ತು ಬಿಚ್ಚುತ್ತಿರಲಿಲ್ಲ.

ಒಂದು ಬೇಸಿಗೆಯ ದಿನ ಆ ರೈತನೂ ಪಕ್ಕದ ಹೊಲದವನೂ ನೀರು ಕೇಳಿದ್ದರು. ಹೊತ್ತು ನೆತ್ತಿಗೆ ಬರುವ ಮೊದಲೇ ರೈತನ ಮಡಿಗಳು ತುಂಬಿದವು. ಅಷ್ಟರಲ್ಲಿ ಅವನ ಭಾವಮೈದುನ ಗಾಡಿ ಹೂಡಿಕೊಂಡು ದಾರಿಯಲ್ಲಿ ಬಂದ.

"ಏನ್ ಭಾವ, ಈರುಳ್ಳಿಗೆ ಜೋಗುಳ ಹಾಡ್ತಾ ಕೂತಿದ್ದೀಯಾ? ಹತ್ತು ಗಾಡೀನ, ಸಂತೆ ಮುಗಿದುಹೋಗ್ತದೆ."

ರೈತ ನಕ್ಕು ಕೈ ತೊಳೆದುಕೊಂಡ. ಆಗಲೇ ಪಕ್ಕದ ಹೊಲದವನು ಸಾಕು ಎಂದು ಕೂಗಿದ್ದು ಕೇಳಿಸಿತು. ಒಂದು ಕೂಗು ಬಿತ್ತಲ್ಲ, ಇಬ್ಬರಿಗೂ ಆಯಿತು ಎಂದುಕೊಂಡ. ತನ್ನ ಕಾಲುವೆಯ ಬಾಯಿಗೆ ಮಣ್ಣು ಮೆತ್ತಿದ. ಬಾಯಿ ಮುಚ್ಚಿದ ಮೇಲೆ ಕೆಲಸ ಮುಗಿಯಿತು ಎಂದು ಗಾಡಿ ಹತ್ತಿದ.

ದಿಬ್ಬದ ಆಚೆ ಬಾವಿಯವನಿಗೆ ಒಂದೇ ಕೂಗು ಕೇಳಿಸಿತ್ತು. ಅವನು ಇನ್ನೊಂದಕ್ಕಾಗಿ ಕಾದ. ಎತ್ತುಗಳಿಗೆ ನೀರು ಕುಡಿಸಿ, ನೆರಳಲ್ಲಿ ನಿಲ್ಲಿಸಿ, ಮತ್ತೆ ಹೂಡಿದ. ನಡುನಡುವೆ, "ಸಾಕೇನಪ್ಪೋ" ಎಂದು ಕೂಗಿ ಕೇಳಿದ. ಉತ್ತರ ಬರಲಿಲ್ಲ. ಸಾಲದು ಎಂದೇ ತಿಳಿದ. ನೀರು ರೈತನ ಮಣ್ಣಿಗೆ ಬಡಿದು, ಪಕ್ಕಕ್ಕೆ ಒಡೆದು, ಹಳ್ಳಕ್ಕೆ ಹರಿದುಹೋಗುತ್ತಿತ್ತು. ಅದು ಅವನಿಗೆ ಕಾಣುತ್ತಿರಲಿಲ್ಲ.

ಸಂಜೆ ರೈತ ಸಂತೆಯಿಂದ ಬಂದ. ಊರ ಮುಂದೆ ಗಾಡಿ ಇಳಿಯುವಾಗ ದಿಬ್ಬದ ಆಚೆಯಿಂದ ಹಾಡು ಕೇಳಿಸಿತು. ದನಿ ಒಡೆದಿತ್ತು. ಅದು ಯಾಕೆ ಇನ್ನೂ ಕೇಳುತ್ತಿದೆ ಎಂದು ಅವನಿಗೆ ಆ ಕ್ಷಣಕ್ಕೆ ಹೊಳೆಯಲಿಲ್ಲ. ಹೊಳೆದಾಗ ಕೈಯಲ್ಲಿದ್ದ ಗಂಟನ್ನು ಅಲ್ಲೇ ಬಿಟ್ಟು ಓಡಿದ. ಅವನು ದಿಬ್ಬ ಹತ್ತುವಷ್ಟರಲ್ಲಿ ಹಾಡು ನಿಂತಿತ್ತು.

ಎಡಗಡೆಯ ಎತ್ತು ಇಳಿಜಾರಿನಲ್ಲಿ ಬಿದ್ದಿತ್ತು. ಬಾವಿಯವನು ನೊಗ ಬಿಚ್ಚಿ, ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದ. ಎತ್ತಿನ ಉಸಿರು ಹೋಗಿತ್ತು. ರೈತನನ್ನು ಕಂಡು ಅವನು, "ಇವತ್ತು ನಿನ್ನ ಹೊಲಕ್ಕೆ ಬಾಯಾರಿಕೆ ಜಾಸ್ತಿ ಅಂತ ತಿಳ್ಕೊಂಡೆ ಕಣಪ್ಪ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ರೈತನಿಗೆ ಬಾಯಿ ಬರುತ್ತಿತ್ತೋ ಏನೋ.

ಮಾರನೆಯ ದಿನ ಅರಳಿಕಟ್ಟೆಯಲ್ಲಿ ಜನ ಸೇರಿದರು. ಬಸವಣ್ಣನೆಂದು ಪೂಜಿಸುವ ಎತ್ತು, ಹೂಡಿದಲ್ಲೇ ಬಿದ್ದು ಸತ್ತದ್ದು ಊರಿಗೇ ಒಳ್ಳೆಯದಲ್ಲ ಎಂದರು. "ಎತ್ತು ಬೀಳೋವರೆಗೂ ಹಾಡು ನಿಲ್ಲಿಸಲಿಲ್ಲವಂತೆ ಪುಣ್ಯಾತ್ಮ" ಎಂದು ಒಬ್ಬ ಹೇಳಿದ. ಕಟುಕನೂ ಇಷ್ಟು ಹಿಂಸೆ ಕೊಡುವುದಿಲ್ಲ ಎಂದು ಇನ್ನೊಬ್ಬ ಹೇಳಿದ. ಬಾವಿಯವನು ಜನರ ನಡುವೆ ಕೈಕಟ್ಟಿ ನಿಂತಿದ್ದ. ಅವನು ಒಂದು ಸಲ ರೈತನ ಕಡೆ ನೋಡಿದ. ದೂರುವ ನೋಟವಲ್ಲ. ಅವನು ಕಾಯುತ್ತಿದ್ದ.

ರೈತನಿಗೆ ಮಾತು ಗಂಟಲವರೆಗೆ ಬಂತು. ನಾನು ಕೂಗಲಿಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಎಲ್ಲರೂ ತನ್ನತ್ತ ತಿರುಗುವುದನ್ನು ನೆನೆದ. ಅವನೂ ನಿಲ್ಲಿಸಬಹುದಿತ್ತಲ್ಲ ಎಂಬ ಇನ್ನೊಂದು ಮಾತು ಒಳಗೆ ಎದ್ದು, ಮೊದಲ ಮಾತನ್ನು ಕೆಳಕ್ಕೆ ನೂಕಿತು. ಅವನು ತನ್ನ ಕಾಲು ನೋಡುತ್ತ ನಿಂತ.

ಮನೆಯಲ್ಲಿ ಬಾವಿಯವನ ಹೆಂಡತಿ, "ನೀವಾದ್ರೂ ಹೇಳಬಾರದಿತ್ತಾ?" ಎಂದು ಅತ್ತಳು. "ಅದು ಅವನ ಬಾಯಲ್ಲಿ ಬರಬೇಕಾದ ಮಾತು ಕಣೆ. ನಾನು ಹೇಳಿದ್ರೆ ಚಾಡಿ ಆಗ್ತದೆ" ಎಂದು ಅವನು ಹೇಳಿದ. ಉಳಿದ ಒಂದು ಎತ್ತನ್ನು ನೆಂಟರ ಮನೆಗೆ ಕಳಿಸಿದ. ಬಾವಿಯ ರಾಟೆ ಇಳಿಸಿದ. ಆಮೇಲೆ ಆ ಊರಿನಲ್ಲಿ ಯಾರೂ ಅವನನ್ನು ನೀರು ಕೇಳಲಿಲ್ಲ.

ರೈತ ಬೇರೆ ಬಾವಿಗೆ ಹೋದ. ಅಲ್ಲಿ ಒಂದು ದಿನವೂ ತಪ್ಪಲಿಲ್ಲ. ಕೊನೆಯ ಮಡಿ ತುಂಬುವ ಮೊದಲೇ ಬದುವಿನ ಮೇಲೆ ನಿಂತು ಸಾಕು, ಸಾಕು ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದ. ಎಂಥ ಎಚ್ಚರದ ಮನುಷ್ಯ ಎಂದು ಜನ ಮೆಚ್ಚಿದರು. ಆ ಕೂಗು ದಿಬ್ಬ ದಾಟಿ, ಎತ್ತಿಲ್ಲದ ಆ ಮನೆಯವರೆಗೂ ಕೇಳುತ್ತಿತ್ತು. ಅದು ಅಲ್ಲಿಗೆ ಕೇಳುತ್ತದೆ ಎಂದು ಅವನಿಗೂ ಗೊತ್ತಿತ್ತು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಕೊಟ್ರೇಶ ತಲೆ ತಗ್ಗಿಸಿ ಕುಳಿತಿದ್ದ. ತಪ್ಪು ಯಾರದು ಎಂದು ಮತ್ತೆ ಕೇಳಲು ಅವನಿಗೆ ಮನಸ್ಸಾಗಲಿಲ್ಲ. "ಆ ರೈತ ಕಡೆಗಾದರೂ ಹೋಗಿ ಒಪ್ಪಿಕೊಂಡನೇ, ಬುದ್ಧಿ?" ಎಂದ.

"ಈ ಗಳಿಗೆಯವರೆಗೂ ಇಲ್ಲ, ಕೊಟ್ರೇಶ."